ಅನುಮಾನ ಬಂದ ಹಿತ್ತಾಳೆ ಗುಜರಿಗೆ

ಪಿಸ್ತೂಲಿನ ಒಂದು ತೋಟಾದಲ್ಲಿ ನಾಲ್ಕು ಭಾಗಗಳಿರುತ್ತವೆ. ಮುಂದೆ ಗುಂಡು, ಒಳಗೆ ಮದ್ದು, ಬುಡದಲ್ಲಿ ಮದ್ದಿಗೆ ಕಿಡಿ ಕೊಡುವ ಪುಟ್ಟ ಪ್ರೈಮರ್, ಈ ಮೂರನ್ನೂ ಹಿಡಿದಿಟ್ಟುಕೊಳ್ಳುವ ಹಿತ್ತಾಳೆಯ ಕೇಸ್. ಟ್ರಿಗರ್ ಒತ್ತಿದ ಮೇಲೆ ಗುಂಡು ಗುರಿಯತ್ತ ಹೋಗುತ್ತದೆ, ಮದ್ದು ಉರಿದು ಮುಗಿಯುತ್ತದೆ, ಪ್ರೈಮರ್ ಸಿಡಿದು ಸತ್ತಿರುತ್ತದೆ. ಕೇಸ್ ಮಾತ್ರ ಉಳಿಯುತ್ತದೆ. ಅಮೆರಿಕದ ಶೂಟಿಂಗ್ ರೇಂಜುಗಳಲ್ಲಿ ನೆಲಕ್ಕೆ ಬಿದ್ದ ಈ ಖಾಲಿ ಕೇಸುಗಳನ್ನು ಹೆಕ್ಕಿಕೊಂಡು ಮನೆಗೆ ಒಯ್ಯುವವರು ಬಹಳ ಮಂದಿ. ಅವರು ಅವನ್ನು ತೊಳೆದು, ಅಳತೆಗೆ ತಂದು, ಹೊಸ ಪ್ರೈಮರ್, ಹೊಸ ಮದ್ದು, ಹೊಸ ಗುಂಡು ಕೂಡಿಸಿ ಮತ್ತೆ ತೋಟಾ ಮಾಡುತ್ತಾರೆ. ಇದಕ್ಕೆ ಅಲ್ಲಿ ರೀಲೋಡಿಂಗ್ ಎನ್ನುತ್ತಾರೆ. ಅಲ್ಲಿನ ಕೇಂದ್ರ ಕಾನೂನಿನ ಪ್ರಕಾರ ಸ್ವಂತ ಬಳಕೆಗೆ ಹೀಗೆ ಮಾಡಿಕೊಳ್ಳಲು ತಯಾರಕರ ಪರವಾನಗಿ ಬೇಕಿಲ್ಲ. ಮಾರಾಟಕ್ಕೆ ಮಾಡಿದರೆ ಮಾತ್ರ ಬೇಕು.

ಯಾಕೆ ಇಷ್ಟು ಶ್ರಮ ಎಂದು ಕೇಳಿದರೆ ಕಾರಣಗಳು ಸಿಗುತ್ತವೆ. ತೋಟಾ ದುಬಾರಿ. ವಾರವಾರವೂ ನೂರಾರು ಸುತ್ತು ಅಭ್ಯಾಸ ಮಾಡುವ ಗುರಿಕಾರರಿಗೆ ಉಳಿತಾಯ ದೊಡ್ಡದು. 2020–21ರ ಕೋವಿಡ್ ಕಾಲದಲ್ಲಿ ಅಮೆರಿಕದ ಅಂಗಡಿಗಳಲ್ಲಿ ತೋಟಾಗಳೂ ಪ್ರೈಮರ್‌ಗಳೂ ಸಿಗದೆ ಹೋದಾಗ ಖಾಲಿ ಕೇಸ್ ಕೂಡಿಟ್ಟವರಿಗೆ ಅದರ ಬೆಲೆ ಗೊತ್ತಾಯಿತು. ಇನ್ನು ಸ್ಪರ್ಧೆಗೆ ಇಳಿಯುವವರಿಗೆ ತಮ್ಮ ಪಿಸ್ತೂಲಿಗೆ ಒಗ್ಗುವ, ಕೈಗೆ ಕಡಿಮೆ ಒದೆಯುವ ತೋಟಾ ಬೇಕಿರುತ್ತದೆ.

ಈ ಹವ್ಯಾಸದ ಬಗ್ಗೆ ಮಾತು ಬಂದರೆ ಎಲ್ಲರ ಗಮನವೂ ಮದ್ದು ಮತ್ತು ಗುಂಡಿನ ಕಡೆಗೇ ಹೋಗುತ್ತದೆ. ಅಪಾಯ ಇರುವುದು ಅಲ್ಲಿಯೇ ಎಂಬ ಭಾವನೆ. ಮದ್ದಿನ ತೂಕದಲ್ಲಿ ಎಚ್ಚರ ಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಮದ್ದು, ಪ್ರೈಮರ್, ಗುಂಡು ಮೂರೂ ಕಾರ್ಖಾನೆಯ ಮೊಹರಿನ ಡಬ್ಬಿಯಿಂದ ಹೊಸದಾಗಿಯೇ ಬರುತ್ತವೆ. ಅವುಗಳ ಗುಣಕ್ಕೆ ತಯಾರಕರ ಹೊಣೆ ಇದೆ. ಕೇಸ್ ಮಾತ್ರ ಹಳೆಯದು. ಅದು ಯಾವ ಪಿಸ್ತೂಲಿನಲ್ಲಿ ಸಿಡಿದಿತ್ತು, ಎಷ್ಟನೆಯ ಸಲ ಸಿಡಿದಿತ್ತು, ಎಲ್ಲಿ ಬಿದ್ದಿತ್ತು ಎಂಬುದನ್ನು ಯಾವ ಚೀಟಿಯೂ ಹೇಳುವುದಿಲ್ಲ. ಅದರ ಯೋಗ್ಯತೆಗೆ ಹೊಣೆಗಾರ ಮೇಜಿನ ಮುಂದೆ ಕುಳಿತವನೇ. ಹಾಗಾಗಿ ರೀಲೋಡಿಂಗ್‌ನಲ್ಲಿ ಮೊದಲು ಕಲಿಯಬೇಕಾದದ್ದು ಕೇಸ್ ತುಂಬುವುದನ್ನಲ್ಲ, ಯಾವ ಕೇಸನ್ನು ತುಂಬಬಾರದು ಎಂಬುದನ್ನು.

ಕೇಸಿನ ಕೆಲಸ ಎಂಥದು ಎಂದು ತಿಳಿದರೆ ಈ ಮಾತಿನ ತೂಕ ಅರ್ಥವಾಗುತ್ತದೆ. ಅಮೆರಿಕದ ತೋಟಾ ತಯಾರಕರ ಮಾನಕ ಸಂಸ್ಥೆ ‘ಸ್ಯಾಮಿ’ 1926ರಲ್ಲಿ ಹುಟ್ಟಿದ್ದು. ಅದು 9 ಎಂಎಂ ಲೂಗರ್ ತೋಟಾಕ್ಕೆ ಇಟ್ಟಿರುವ ಗರಿಷ್ಠ ಒತ್ತಡ ಚದರ ಇಂಚಿಗೆ 35,000 ಪೌಂಡ್. ಅಂದರೆ ವಾತಾವರಣದ ಒತ್ತಡದ ಸುಮಾರು 2,400 ಪಟ್ಟು. .45 ಎಸಿಪಿಗೆ ಅದು 21,000, ಹಳೆಯ ರಿವಾಲ್ವರ್ ತೋಟಾವಾದ .38 ಸ್ಪೆಷಲ್‌ಗೆ 17,000. ಇಷ್ಟು ಒತ್ತಡವನ್ನು ತಡೆಯುವುದು ತೆಳು ಹಿತ್ತಾಳೆಯಲ್ಲ, ಅದರ ಸುತ್ತ ಇರುವ ಉಕ್ಕಿನ ಚೇಂಬರ್. ಹಿತ್ತಾಳೆಯ ಕೆಲಸ ಬೇರೆ. ಮದ್ದು ಉರಿದ ಕ್ಷಣದಲ್ಲಿ ಕೇಸ್ ಉಬ್ಬಿ ಚೇಂಬರಿನ ಗೋಡೆಗೆ ಒತ್ತಿಕೊಂಡು ಬಿಸಿ ಅನಿಲ ಹಿಂದಕ್ಕೆ, ಅಂದರೆ ಗುರಿಕಾರನ ಮುಖದ ಕಡೆಗೆ, ಬಾರದಂತೆ ಮುಚ್ಚಬೇಕು. ಒತ್ತಡ ಇಳಿದೊಡನೆ ಕೊಂಚ ಕುಗ್ಗಿ ಗೋಡೆಯಿಂದ ಬಿಡಿಸಿಕೊಳ್ಳಬೇಕು. ಬಿಡಿಸಿಕೊಳ್ಳದಿದ್ದರೆ ಕೇಸ್ ಚೇಂಬರಿನಲ್ಲೇ ಸಿಕ್ಕಿಬೀಳುತ್ತದೆ. ಉಬ್ಬುವುದು, ಕುಗ್ಗುವುದು ಎರಡನ್ನೂ ಚೆನ್ನಾಗಿ ಮಾಡುವ ಲೋಹ ಬೇಕು.

ಅದಕ್ಕೇ ನೂರೈವತ್ತು ವರ್ಷಗಳಿಂದ ಈ ಕೆಲಸಕ್ಕೆ ಹಿತ್ತಾಳೆಯೇ ನಿಂತಿದೆ. ತೋಟಾದ ಹಿತ್ತಾಳೆಯಲ್ಲಿ 70 ಭಾಗ ತಾಮ್ರ, 30 ಭಾಗ ಸತು. ಈ ಪ್ರಮಾಣದಲ್ಲಿ ಬೆರೆತ ಲೋಹ ಬಿಸಿ ಮಾಡದೆಯೂ ಹಿಗ್ಗುತ್ತದೆ, ಬಾಗುತ್ತದೆ, ಬೇಗ ಹರಿಯುವುದಿಲ್ಲ. ಕಾರ್ಖಾನೆಯಲ್ಲಿ ಒಂದು ಚಪ್ಪಟೆ ಬಿಲ್ಲೆಯನ್ನು ಬಟ್ಟಲಾಗಿಸಿ, ಅಚ್ಚುಗಳ ಮೂಲಕ ಹಂತಹಂತವಾಗಿ ಎಳೆದು ಉದ್ದನೆಯ ಕೊಳವೆ ಮಾಡುತ್ತಾರೆ. ಪ್ರತಿ ಎಳೆತಕ್ಕೂ ಹಿತ್ತಾಳೆ ಗಡುಸಾಗುತ್ತದೆ. ಗಡುಸು ಮಿತಿ ಮೀರಿದರೆ ಬಿರುಕು ಬಿಡುತ್ತದೆ. ಆದ್ದರಿಂದ ನಡುನಡುವೆ ಕಾಯಿಸಿ ಮೆದು ಮಾಡುತ್ತಾರೆ. ಬುಡ ದಪ್ಪವಾಗಿ, ಗಡುಸಾಗಿ ಉಳಿಯಬೇಕು. ಬಾಯಿ ತೆಳ್ಳಗೆ, ಮಣಿಯುವಂತೆ ಇರಬೇಕು. ಒಂದೇ ಕೇಸಿನ ಎರಡು ತುದಿಗಳಿಗೆ ಎರಡು ಗುಣ.

ಈ ಗಡುಸಾಗುವ ಗುಣವೇ ಕೇಸಿನ ಆಯಸ್ಸನ್ನೂ ನಿರ್ಧರಿಸುತ್ತದೆ. ಸಿಡಿದಾಗ ಉಬ್ಬುತ್ತದೆ, ರೀಲೋಡ್ ಮಾಡುವಾಗ ಅಚ್ಚಿಗೆ ಸಿಕ್ಕು ಕುಗ್ಗುತ್ತದೆ, ಗುಂಡು ಕೂರಿಸಲು ಬಾಯಿ ಅಗಲಿಸಿಕೊಳ್ಳುತ್ತದೆ, ಮತ್ತೆ ಮುಚ್ಚಿಕೊಳ್ಳುತ್ತದೆ. ಒಂದೊಂದು ಸುತ್ತಿಗೂ ಬಾಯಿಯ ಹಿತ್ತಾಳೆ ಒಂದಿಷ್ಟು ಬಿರುಸಾಗುತ್ತದೆ. ಕೊನೆಗೊಂದು ದಿನ ಬಾಯಿಯ ಅಂಚಿನಿಂದ ಕೆಳಕ್ಕೆ ಕೂದಲೆಳೆಯ ಸೀಳು ಬಿಡುತ್ತದೆ. ಒತ್ತಡ ಕಡಿಮೆ ಇರುವ .38 ಸ್ಪೆಷಲ್, .45 ಎಸಿಪಿ ಕೇಸುಗಳು ಹತ್ತಾರು ಸಲ ತಾಳುತ್ತವೆ. ಒತ್ತಡ ಹೆಚ್ಚಿರುವ .357 ಮ್ಯಾಗ್ನಮ್‌ನಂಥವು ಬೇಗ ಸೋಲುತ್ತವೆ. ರೈಫಲ್ ಕೇಸುಗಳ ಕುತ್ತಿಗೆಯನ್ನು ಕಾಯಿಸಿ ಮತ್ತೆ ಮೆದು ಮಾಡುವ ಪದ್ಧತಿ ಇದೆ. ಪಿಸ್ತೂಲಿನ ಗಿಡ್ಡ ಕೇಸುಗಳಿಗೆ ಅದನ್ನು ಮಾಡುವವರು ವಿರಳ. ಬುಡಕ್ಕೆ ಕಾವು ಹತ್ತಿ ಅದು ಮೆದುವಾದರೆ ಕೇಸ್ ಅಪಾಯಕಾರಿಯಾಗುತ್ತದೆ. ಸೀಳಿದ್ದನ್ನು ಎಸೆಯುವುದೇ ಸರಿಯಾದ ದಾರಿ.

ಹಿತ್ತಾಳೆ ಬಿರುಕು ಬಿಡಲು ಇನ್ನೊಂದು ಕಾರಣವೂ ಉಂಟು. ಅದು ಬೆಳಕಿಗೆ ಬಂದದ್ದು ನಮ್ಮ ನೆಲದಲ್ಲಿಯೇ. ಬ್ರಿಟಿಷರ ಕಾಲದಲ್ಲಿ ಭಾರತದಲ್ಲಿದ್ದ ಸೇನೆ ಮಳೆಗಾಲದಲ್ಲಿ ಕಾರ್ಯಾಚರಣೆ ತಗ್ಗಿಸಿ ತೋಟಾಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿತ್ತು. ಮಳೆ ಕಳೆದು ಪೆಟ್ಟಿಗೆ ತೆರೆದರೆ, ಯಾರೂ ಮುಟ್ಟದೆ ಇಟ್ಟಿದ್ದ ಎಷ್ಟೋ ತೋಟಾಗಳ ಹಿತ್ತಾಳೆ ತಾನಾಗಿಯೇ ಸೀಳಿರುತ್ತಿತ್ತು. ಮಳೆಗಾಲದಲ್ಲಿ ಕಾಣಿಸಿಕೊಂಡದ್ದರಿಂದ ಇದಕ್ಕೆ ಋತುಬಿರುಕು ಎಂಬ ಅರ್ಥದ ಹೆಸರು ಬಿತ್ತು. ಕಾರಣ ಬಿಡಿಸಿ ಹೇಳಿದವರು ಮೂರ್, ಬೆಕಿನ್‌ಸೇಲ್ ಮತ್ತು ಮ್ಯಾಲಿನ್ಸನ್ ಎಂಬ ಮೂವರು ಸಂಶೋಧಕರು, 1921ರಲ್ಲಿ. ಕುದುರೆಗಳ ಮೂತ್ರದಿಂದ ಏಳುವ ಅಮೋನಿಯಾ ತೇವದ ಜೊತೆ ಸೇರಿ ಹಿತ್ತಾಳೆಯ ಕಣಗಳ ನಡುವಿನ ಸಂದುಗಳಿಗೆ ದಾಳಿ ಮಾಡುತ್ತದೆ. ಎಳೆದು ರೂಪಿಸುವಾಗ ಲೋಹದೊಳಗೆ ಉಳಿದುಹೋದ ಬಿಗಿತ ಆ ಸಂದುಗಳನ್ನು ಬಿರಿಯುವಂತೆ ಮಾಡುತ್ತದೆ. ಎರಡೂ ಒಟ್ಟಾದರೆ ಸೀಳು. ಕಡಿಮೆ ಶಾಖದಲ್ಲಿ ಕಾಯಿಸಿ ಒಳಬಿಗಿತ ಸಡಿಲಿಸಿದರೆ ಈ ಕಾಟ ತಪ್ಪುತ್ತದೆ ಎಂಬ ಪರಿಹಾರವೂ ಸಿಕ್ಕಿತು.

ನೂರು ವರ್ಷ ಹಳೆಯ ಈ ಪಾಠ ಇಂದಿನ ರೀಲೋಡರ್‌ಗೆ ನೇರವಾಗಿ ಬೇಕಾದದ್ದು. ಅಡುಗೆಮನೆಯ ಹಿತ್ತಾಳೆ ಪಾತ್ರೆ ಬೆಳಗಲು ಮಾರುವ ಕೆಲವು ಪಾಲಿಶ್‌ಗಳಲ್ಲಿ, ಕಿಟಕಿ ಗಾಜು ಒರೆಸುವ ಕೆಲವು ದ್ರಾವಣಗಳಲ್ಲಿ ಅಮೋನಿಯಾ ಇರುತ್ತದೆ. ಅವು ಹಿತ್ತಾಳೆಯನ್ನು ಥಳಥಳ ಹೊಳೆಯಿಸುತ್ತವೆ. ತೋಟಾದ ಕೇಸಿಗೆ ಮಾತ್ರ ಅವನ್ನು ತಾಗಿಸಲೇಬಾರದು. ದೇವರ ಮುಂದಿನ ಹಿತ್ತಾಳೆ ದೀಪ ಯಾವ ಒತ್ತಡವನ್ನೂ ತಡೆಯಬೇಕಿಲ್ಲ. ಕೇಸ್ ಪ್ರತಿ ಸಲವೂ ಉಬ್ಬಿ ಕುಗ್ಗಬೇಕು.

ಇನ್ನು ಕೆಲಸದ ಕ್ರಮ. ಮೊದಲನೆಯದು ವಿಂಗಡಣೆ. ರೇಂಜಿನಿಂದ ತಂದ ಚೀಲವನ್ನು ಮೇಜಿನ ಮೇಲೆ ಸುರಿದರೆ ಹತ್ತು ಬಗೆಯ ಕೇಸ್ ಬೆರೆತಿರುತ್ತವೆ. ಬುಡದ ಮೇಲೆ ತಯಾರಕರ ಹೆಸರೂ ತೋಟಾದ ಅಳತೆಯೂ ಅಚ್ಚಾಗಿರುತ್ತದೆ, ಅದನ್ನು ಓದಿ ಬೇರೆ ಬೇರೆ ಮಾಡಬೇಕು. 9 ಎಂಎಂ ಕೇಸ್ .40 ಕೇಸಿನೊಳಗೆ, .40 ಕೇಸ್ .45ರೊಳಗೆ ನುಸುಳಿ ಕೂರುತ್ತದೆ. ಮೇಲಿನಿಂದ ನೋಡಿದರೆ ಒಂದೇ ಕೇಸ್, ಒಳಗೆ ಇನ್ನೊಂದು. 9 ಎಂಎಂ ರಾಶಿಯಲ್ಲಿ ಅದರದೇ ಮೈಕಟ್ಟಿನ, ತುಸು ಗಿಡ್ಡದಾದ .380 ಕೇಸ್ ಸೇರಿಕೊಂಡರೆ ಕಣ್ಣು ಸುಲಭವಾಗಿ ಮೋಸಹೋಗುತ್ತದೆ. .45 ಎಸಿಪಿಯಲ್ಲಿ ಇನ್ನೊಂದು ತೊಡಕು. ಬಹುಪಾಲು ಕೇಸುಗಳಿಗೆ ಸುಮಾರು 5.3 ಮಿಲಿಮೀಟರ್ ಅಗಲದ ದೊಡ್ಡ ಪ್ರೈಮರ್ ಬೇಕು. ಕೆಲವು ತಯಾರಕರ ಕೇಸುಗಳಿಗೆ ಸುಮಾರು 4.4 ಮಿಲಿಮೀಟರಿನ ಚಿಕ್ಕ ಪ್ರೈಮರ್. ಚಿಕ್ಕ ಕುಳಿಗೆ ದೊಡ್ಡ ಪ್ರೈಮರನ್ನು ಬಲವಂತವಾಗಿ ಒತ್ತುವ ಪ್ರಸಂಗ ಯಾರಿಗೂ ಬರಬಾರದು. ಪ್ರೈಮರ್ ಎಂದರೆ ಏಟಿಗೆ, ಒತ್ತಡಕ್ಕೆ ಸಿಡಿಯಲೆಂದೇ ಮಾಡಿದ ಸ್ಫೋಟಕ.

ಇದೇ ಹಂತದಲ್ಲಿ ಉಕ್ಕಿನ ಕೇಸುಗಳನ್ನೂ ಅಲ್ಯೂಮಿನಿಯಂ ಕೇಸುಗಳನ್ನೂ ತೆಗೆದಿಡಬೇಕು. ಅವು ಒಮ್ಮೆ ಬಳಸಿ ಬಿಸಾಡಲೆಂದೇ ಬರುವಂಥವು. ಉಕ್ಕಿನವನ್ನು ಆಯಸ್ಕಾಂತ ಹಿಡಿದುಕೊಡುತ್ತದೆ, ಅಲ್ಯೂಮಿನಿಯಂ ಬಣ್ಣದಿಂದಲೇ ಗೊತ್ತಾಗುತ್ತದೆ. ಹಿತ್ತಾಳೆಯಲ್ಲೂ ಬರ್ಡನ್ ಮಾದರಿಯವನ್ನು ಬಿಡಬೇಕು. 1866ರಲ್ಲಿ ಇಬ್ಬರು ಸೇನಾಧಿಕಾರಿಗಳು, ಅಮೆರಿಕದ ಹೈರಮ್ ಬರ್ಡನ್ ಮತ್ತು ಬ್ರಿಟನ್ನಿನ ಎಡ್ವರ್ಡ್ ಬಾಕ್ಸರ್, ಪ್ರೈಮರಿಗೆ ಎರಡು ಬೇರೆ ಬೇರೆ ವಿನ್ಯಾಸಗಳ ಪೇಟೆಂಟ್ ಪಡೆದರು. ಪ್ರೈಮರಿನ ರಾಸಾಯನಿಕ ಸಿಡಿಯಬೇಕಾದರೆ ಅದು ಒಂದು ಪುಟ್ಟ ಅಡಿಗಲ್ಲಿನ ಮೇಲೆ ಜಜ್ಜಿಹೋಗಬೇಕು. ಬರ್ಡನ್ ಆ ಅಡಿಗಲ್ಲನ್ನು ಕೇಸಿನ ಬುಡದಲ್ಲಿಯೇ ಮೂಡಿಸಿ, ಕಿಡಿ ಹಾಯಲು ಅದರ ಪಕ್ಕಗಳಲ್ಲಿ ಸಣ್ಣ ತೂತುಗಳನ್ನು ಇಟ್ಟ. ಬಾಕ್ಸರ್ ಅಡಿಗಲ್ಲನ್ನು ಪ್ರೈಮರಿನೊಳಗೇ ಇಟ್ಟು, ಕೇಸಿನ ನಟ್ಟನಡುವೆ ಒಂದೇ ತೂತು ಬಿಟ್ಟ. ಅಮೆರಿಕನ್ನರು ಬ್ರಿಟಿಷನ ವಿನ್ಯಾಸವನ್ನು ಮೆಚ್ಚಿದರು, ಯುರೋಪಿನ ಬಹುಭಾಗ ಅಮೆರಿಕನ್ನನದನ್ನು ಅಪ್ಪಿತು. ಬಾಕ್ಸರ್ ಕೇಸಿನ ನಡುತೂತಿಗೆ ಮೇಲಿನಿಂದ ಒಂದು ಸೂಜಿ ಇಳಿಬಿಟ್ಟರೆ ಸತ್ತ ಪ್ರೈಮರ್ ಕೆಳಕ್ಕೆ ಉದುರುತ್ತದೆ. ಬರ್ಡನ್ ಕೇಸಿನಲ್ಲಿ ಅದೇ ಸೂಜಿ ಅಡಿಗಲ್ಲಿಗೆ ತಾಗಿ ಮುರಿಯುತ್ತದೆ. ಅಮೆರಿಕದಲ್ಲಿ ರೀಲೋಡಿಂಗ್ ಮನೆಮನೆಯ ಹವ್ಯಾಸವಾಗಿ ಬೆಳೆಯಲು ಈ ಒಂದು ನಡುತೂತಿನ ಕೊಡುಗೆ ದೊಡ್ಡದು. ಟಾರ್ಚ್ ಹಿಡಿದು ಕೇಸಿನೊಳಗೆ ಇಣುಕಿದರೆ ತೂತು ಒಂದೋ ಎರಡೋ ಎಂದು ಕಾಣುತ್ತದೆ.

ಎರಡನೆಯದು ಪರೀಕ್ಷೆ. ಒಂದು ಕೇಸನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಧಾನವಾಗಿ ಸುತ್ತು ತಿರುಗಿಸಬೇಕು. ಬಾಯಿಯ ಅಂಚಿನಲ್ಲಿ ಕಪ್ಪು ಗೀರು ಕಂಡರೆ ಉಗುರಿನಿಂದ ಸವರಿ ನೋಡಬೇಕು. ಮಸಿಯಾದರೆ ಉಗುರು ಜಾರುತ್ತದೆ, ಸೀಳಾದರೆ ತಡೆಯುತ್ತದೆ. ಮೈಮೇಲೆ ಉದ್ದುದ್ದ ಗೆರೆ, ಬುಡದ ಸುತ್ತ ಅಸಹಜವಾದ ಹೊಳೆಯುವ ಉಂಗುರ, ಪ್ರೈಮರಿನ ಸುತ್ತ ಅನಿಲ ಸೋರಿದ ಕಪ್ಪು ಕಲೆ ಇವೆಲ್ಲ ಎಸೆಯಲು ಸಾಕಾದ ಕಾರಣಗಳು. ಕೆಲವು ಪಿಸ್ತೂಲುಗಳಲ್ಲಿ ಚೇಂಬರಿನ ಹಿಂಭಾಗ ಕೇಸಿನ ಬುಡವನ್ನು ಪೂರ್ತಿ ಆವರಿಸಿರುವುದಿಲ್ಲ. ಅಲ್ಲಿ ಹಿತ್ತಾಳೆ ಒಂದು ಬದಿಗೆ ಉಬ್ಬಿಕೊಂಡಿರುತ್ತದೆ. ಅಚ್ಚಿಗೆ ಹಾಕಿದರೆ ಉಬ್ಬು ಮಾಯವಾಗಬಹುದು, ಆದರೆ ಅಲ್ಲಿ ದಣಿದ ಲೋಹ ಹೊಸದಾಗುವುದಿಲ್ಲ. ಕೆಲವು 9 ಎಂಎಂ ಕೇಸುಗಳ ಒಳಗೋಡೆಯಲ್ಲಿ ಮೆಟ್ಟಿಲಿನಂಥ ಅಂಚು ಇರುತ್ತದೆ. ಆ ಅಂಚಿನ ಗುಂಟ ಕೇಸ್ ತುಂಡಾಗುವ ಸಂಭವ ಇರುವುದರಿಂದ ಅನುಭವಿಗಳು ಅವನ್ನೂ ಬಿಟ್ಟುಬಿಡುತ್ತಾರೆ.

ಕಣ್ಣಿಗೆ ತಪ್ಪಿದ್ದನ್ನು ಕಿವಿ ಹಿಡಿಯುತ್ತದೆ. ನಾಲ್ಕೈದು ಕೇಸುಗಳನ್ನು ಅಂಗೈಯಲ್ಲಿ ಹಾಕಿಕೊಂಡು ಕುಲುಕಿದರೆ ಒಳ್ಳೆಯ ಹಿತ್ತಾಳೆ ಗಂಟೆಯಂತೆ ಟಣ್ ಎನ್ನುತ್ತದೆ. ಗುಂಪಿನಲ್ಲಿ ಒಂದು ಸೀಳಿದ ಕೇಸ್ ಇದ್ದರೂ ನಾದದ ನಡುವೆ ಒಡಕು ಸದ್ದು ಬೇರೆಯಾಗಿ ಕೇಳುತ್ತದೆ. ಸಂತೆಯಲ್ಲಿ ಮಡಕೆ ಕೊಳ್ಳುವ ಹೆಂಗಸು ಬೆರಳಿನಿಂದ ತಟ್ಟಿ ಕಿವಿಗೊಟ್ಟು ಒಡಕನ್ನು ಪತ್ತೆ ಹಚ್ಚುವ ಬಗೆಯೇ ಇದು. ಯಂತ್ರ ಬೇಡ, ಖರ್ಚು ಇಲ್ಲ, ಕೆಲವು ದಿನ ಅಭ್ಯಾಸ ಮಾಡಿದರೆ ಕಿವಿ ಪಳಗುತ್ತದೆ.

ಮೂರನೆಯದು ತೊಳೆಯುವುದು. ಇದು ಅಂದಕ್ಕಾಗಿ ಅಲ್ಲ. ಮರಳು ಕಣ ಅಂಟಿದ ಕೇಸ್ ಅಚ್ಚಿನ ಒಳಮೈಗೆ ಗೀರು ಹಾಕುತ್ತದೆ, ಆ ಗೀರು ಮುಂದೆ ಬರುವ ಪ್ರತಿ ಕೇಸಿಗೂ ಬೀಳುತ್ತದೆ. ಹೊಲಸು ಹಿತ್ತಾಳೆಯಲ್ಲಿ ಬಿರುಕೂ ಕಾಣುವುದಿಲ್ಲ. ಒಣ ವಿಧಾನದಲ್ಲಿ ಅಕ್ರೋಟ್ ಚಿಪ್ಪಿನ ತರಿ ಅಥವಾ ಮುಸುಕಿನ ಜೋಳದ ದಿಂಡಿನ ತರಿಯ ಜೊತೆ ಕೇಸುಗಳನ್ನು ಯಂತ್ರದ ಬೋಗುಣಿಗೆ ಹಾಕಿ ಗಂಟೆಗಟ್ಟಲೆ ಅಲುಗಿಸುತ್ತಾರೆ. ಒದ್ದೆ ವಿಧಾನದಲ್ಲಿ ನೀರು, ಚೂರು ಪಾತ್ರೆ ಸೋಪು, ಚಿಟಿಕೆ ನಿಂಬೆ ಉಪ್ಪು, ಸ್ಟೇನ್‌ಲೆಸ್ ಉಕ್ಕಿನ ಚಿಕ್ಕ ಕಡ್ಡಿಗಳನ್ನು ಸೇರಿಸಿ ಉರುಳಿಸುತ್ತಾರೆ. ಒದ್ದೆ ವಿಧಾನದಲ್ಲಿ ಒಳಮೈ ಕೂಡ ಹೊಸದರಂತೆ ಬೆಳಗುತ್ತದೆ. ಆದರೆ ನಿಂಬೆ ಉಪ್ಪು ಹೆಚ್ಚಾದರೆ, ಅಥವಾ ಕೇಸ್ ಬಹಳ ಹೊತ್ತು ಆಮ್ಲದಲ್ಲಿ ನೆನೆದರೆ, ಮೇಲ್ಮೈಯ ಸತು ಕರಗಿ ಹೋಗಿ ತಾಮ್ರ ಉಳಿಯುತ್ತದೆ. ಹಳದಿ ಕೇಸ್ ಗುಲಾಬಿ ಬಣ್ಣಕ್ಕೆ ತಿರುಗಿದರೆ ಅದು ಎಚ್ಚರಿಕೆಯ ಗುರುತು. ತೊಳೆದ ಮೇಲೆ ಪೂರ್ತಿ ಒಣಗಬೇಕು. ಪ್ರೈಮರ್ ಕುಳಿಯಲ್ಲಿ ಉಳಿದ ಒಂದು ಹನಿ ನೀರು ಹೊಸ ಪ್ರೈಮರನ್ನು ಕೆಡಿಸಬಲ್ಲದು. ಕೇಸಿನೊಳಗೆ ಸಿಕ್ಕಿಕೊಂಡ ಒಂದು ಉಕ್ಕಿನ ಕಡ್ಡಿಯೂ ಉಳಿಯದಂತೆ ಒಂದೊಂದನ್ನೂ ಬೋರಲು ಹಾಕಿ ತಟ್ಟಬೇಕು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಈ ಹವ್ಯಾಸದಲ್ಲಿ ಸದ್ದಿಲ್ಲದೆ ಕೆಡುಕು ಮಾಡುವುದು ಸೀಸ. ಇಂದಿಗೂ ಬಹುಪಾಲು ಪ್ರೈಮರ್‌ಗಳಲ್ಲಿ ಲೆಡ್ ಸ್ಟಿಫ್ನೇಟ್ ಎಂಬ ಸೀಸದ ಸ್ಫೋಟಕ ಇರುತ್ತದೆ. ಅದು ಸಿಡಿದ ಮೇಲೆ ಸೀಸ ಸೇರಿದ ಮಸಿ ಕೇಸಿನೊಳಗೂ ಪ್ರೈಮರ್ ಕುಳಿಯಲ್ಲೂ ಅಂಟಿಕೊಳ್ಳುತ್ತದೆ. ಒಣ ತರಿಯಲ್ಲಿ ಅಲುಗಿಸಿದಾಗ ಆ ಮಸಿಯೇ ನವಿರಾದ ಧೂಳಾಗಿ ಏಳುತ್ತದೆ. ಮುಚ್ಚಿದ ಕೋಣೆಯಲ್ಲಿ ಜರಡಿ ಹಿಡಿದರೆ ಅದು ಉಸಿರಿಗೆ, ಬಟ್ಟೆಗೆ, ನೆಲಹಾಸಿಗೆ ಸೇರುತ್ತದೆ. ನೆಲದ ಮೇಲೆ ಆಡುವ ಮಗು ಅದೇ ಕೈಯನ್ನು ಬಾಯಿಗೆ ಇಟ್ಟುಕೊಳ್ಳುತ್ತದೆ. ಮಕ್ಕಳ ರಕ್ತದಲ್ಲಿ ಇಷ್ಟು ಸೀಸವಿದ್ದರೆ ತೊಂದರೆಯಿಲ್ಲ ಎನ್ನಬಹುದಾದ ಮಟ್ಟವೇ ಇಲ್ಲ ಎಂಬುದು ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ನಿಲುವು. 2021ರಲ್ಲಿ ಅದು ಮಕ್ಕಳ ವಿಷಯದಲ್ಲಿ ಎಚ್ಚರಿಕೆಯ ಅಳತೆಯನ್ನು ಡೆಸಿಲೀಟರಿಗೆ 5 ಮೈಕ್ರೋಗ್ರಾಮಿನಿಂದ 3.5ಕ್ಕೆ ಇಳಿಸಿತು. ಆದ್ದರಿಂದ ಕೇಸ್ ತೊಳೆಯುವ ಕೆಲಸ ಅಡುಗೆಮನೆಯಲ್ಲಿ ಬೇಡ, ಊಟದ ಪಾತ್ರೆಯಲ್ಲಿ ಬೇಡ. ಜರಡಿಯನ್ನು ಗಾಳಿಯಾಡುವ ಹೊರಗಡೆ ಹಿಡಿಯಬೇಕು. ಕೆಲಸ ನಡೆಯುವಾಗ ತಿನ್ನುವುದು, ಕುಡಿಯುವುದು, ಸಿಗರೇಟು ಸೇದುವುದು ಕೂಡದು. ಮುಗಿದ ಮೇಲೆ ಕೈ, ಮುಖ ತೊಳೆದು ಬಟ್ಟೆ ಬದಲಿಸಿಯೇ ಮಗುವನ್ನು ಎತ್ತಿಕೊಳ್ಳಬೇಕು. ಗರ್ಭಿಣಿಯರೂ ಚಿಕ್ಕ ಮಕ್ಕಳೂ ಆ ಕೋಣೆಯಿಂದ ದೂರ ಇರಬೇಕು.

ನಾಲ್ಕನೆಯದು ಹಳೆಯ ಪ್ರೈಮರ್ ತೆಗೆದು ಕೇಸನ್ನು ಅಳತೆಗೆ ತರುವುದು. ಮೇಜಿಗೆ ಬಿಗಿದ ಸನ್ನೆಕೋಲಿನ ಯಂತ್ರಕ್ಕೆ ಪ್ರೆಸ್ ಎನ್ನುತ್ತಾರೆ. ಅದರ ತಲೆಗೆ ಡೈ ಎಂಬ ಉಕ್ಕಿನ ಅಚ್ಚನ್ನು ತಿರುಪಿ ಕೂರಿಸುತ್ತಾರೆ. ಕೇಸನ್ನು ಹಿಡಿಕೆಯಲ್ಲಿ ಸಿಕ್ಕಿಸಿ ಸನ್ನೆ ಎಳೆದರೆ ಅದು ಡೈಯೊಳಗೆ ಏರುತ್ತದೆ. ಒಂದೇ ಎಳೆತಕ್ಕೆ ಸೂಜಿ ಸತ್ತ ಪ್ರೈಮರನ್ನು ಹೊರದಬ್ಬುತ್ತದೆ, ಉಬ್ಬಿದ ಮೈ ಮೊದಲಿನ ಅಳತೆಗೆ ಕುಗ್ಗುತ್ತದೆ. ಹಿಂದೆ ಪೂರ್ತಿ ಉಕ್ಕಿನ ಡೈಗಳಿದ್ದಾಗ ಪ್ರತಿ ಕೇಸಿಗೂ ಎಣ್ಣೆ ಸವರಬೇಕಿತ್ತು, ಇಲ್ಲವಾದರೆ ಅಚ್ಚಿನಲ್ಲಿ ಸಿಕ್ಕಿಬೀಳುತ್ತಿತ್ತು. ಈಗ ಪಿಸ್ತೂಲಿನ ಡೈಗಳಲ್ಲಿ ಟಂಗ್‌ಸ್ಟನ್ ಕಾರ್ಬೈಡಿನ ಉಂಗುರ ಇರುತ್ತದೆ. ಅದು ಅತಿ ಗಡುಸು, ಅತಿ ನುಣುಪು. ನೇರ ಗೋಡೆಯ ಕೇಸುಗಳಿಗೆ ಎಣ್ಣೆ ಬೇಕಿಲ್ಲ. ಬಾಯಿಯ ಕಡೆಗೆ ತುಸು ಸಣ್ಣಗಾಗುವ 9 ಎಂಎಂ ಕೇಸಿಗೆ ಕೆಲವರು ಸ್ವಲ್ಪ ಸವರುತ್ತಾರೆ. ಸವರಿದರೆ ಆಮೇಲೆ ಒರೆಸಲೇಬೇಕು. ಎಣ್ಣೆ ತಾಗಿದ ಪ್ರೈಮರ್ ಸಿಡಿಯದೆ ಹೋಗಬಹುದು.

ಕೇಸ್ ಸರಿಯಾದ ಅಳತೆಗೆ ಯಾಕೆ ಬರಬೇಕು? ಚೇಂಬರಿಗೆ ಹಿಡಿಸಲಿ ಎಂಬುದು ಒಂದು ಕಾರಣ. ಅದಕ್ಕಿಂತ ಮುಖ್ಯವಾದದ್ದು ಗುಂಡಿನ ಮೇಲಿನ ಹಿಡಿತ. ಕೇಸಿನ ಬಾಯಿ ಗುಂಡಿಗಿಂತ ಕೂದಲೆಳೆಯಷ್ಟು ಕಿರಿದಾಗಿದ್ದರೆ ಮಾತ್ರ ಹಿತ್ತಾಳೆ ಗುಂಡನ್ನು ಬಿಗಿಹಿಡಿಯುತ್ತದೆ. ಹಿಡಿತ ಸಡಿಲಾದರೆ, ಪಿಸ್ತೂಲು ತೋಟಾವನ್ನು ಮ್ಯಾಗಜೀನಿನಿಂದ ಚೇಂಬರಿಗೆ ತಳ್ಳುವ ರಭಸಕ್ಕೆ ಗುಂಡು ಕೇಸಿನೊಳಗೆ ಹಿಂದೆ ಸರಿಯುತ್ತದೆ. 9 ಎಂಎಂನಂಥ ಪುಟ್ಟ ಕೇಸಿನಲ್ಲಿ ಮದ್ದಿಗೆ ಇರುವ ಜಾಗವೇ ಕಡಿಮೆ. ಗುಂಡು ಒಂದೆರಡು ಮಿಲಿಮೀಟರ್ ಒಳಗೆ ಹೋದರೂ ಒತ್ತಡ ತೀವ್ರವಾಗಿ ಏರುತ್ತದೆ. ಮದ್ದನ್ನು ಎಷ್ಟು ನಿಖರವಾಗಿ ತೂಗಿದ್ದರೂ ಹಿತ್ತಾಳೆಯ ಹಿಡಿತ ಸೋತರೆ ಆ ನಿಖರತೆ ವ್ಯರ್ಥ.

ಪ್ರೈಮರ್ ಉದುರಿದ ಮೇಲೆ ಕಾಣುವ ಕುಳಿಯನ್ನು ನೋಡಬೇಕು. ಅಡಿಯಲ್ಲಿ ಕಟ್ಟಿದ ಮಸಿಯನ್ನು ಕೆರೆದು ತೆಗೆದರೆ ಹೊಸ ಪ್ರೈಮರ್ ತಳ ಮುಟ್ಟಿ ಕೂರುತ್ತದೆ. ಸೇನೆಗೆಂದು ಮಾಡಿದ ಕೇಸುಗಳಲ್ಲಿ ಪ್ರೈಮರ್ ಜಾರದಂತೆ ಕುಳಿಯ ಅಂಚನ್ನು ಒತ್ತಿ ಬಿಗಿದಿರುತ್ತಾರೆ. ಬುಡದಲ್ಲಿ ವೃತ್ತದೊಳಗೆ ಅಡ್ಡ ಗೆರೆಗಳಿರುವ ನೇಟೋ ಗುರುತು ಇದ್ದರೆ ಈ ಬಿಗಿ ಇರುವ ಸಂಭವ ಹೆಚ್ಚು. ಆ ಅಂಚನ್ನು ಸವರಿ ತೆಗೆಯದೆ ಹೊಸ ಪ್ರೈಮರ್ ಒತ್ತಬಾರದು. ಇದಕ್ಕೆ ತದ್ವಿರುದ್ಧವಾದ ದೋಷವೂ ಉಂಟು. ಬಹಳ ಸಲ ಬಳಸಿದ ಕೇಸಿನಲ್ಲಿ ಕುಳಿಯೇ ಹಿಗ್ಗಿರುತ್ತದೆ. ಹೊಸ ಪ್ರೈಮರ್ ಯಾವ ತಡೆಯೂ ಇಲ್ಲದೆ ಜಾರಿ ಕೂತರೆ ಬೆರಳಿಗೇ ಗೊತ್ತಾಗುತ್ತದೆ. ಆ ಕೇಸಿನ ಕೆಲಸ ಅಲ್ಲಿಗೆ ಮುಗಿಯಿತು. ಸರಿಯಾಗಿ ಕೂತ ಪ್ರೈಮರ್ ಬುಡದ ಮಟ್ಟಕ್ಕಿಂತ ಎಳೆಯಷ್ಟು ಕೆಳಗಿರುತ್ತದೆ. ಬೆರಳ ತುದಿ ಆಡಿಸಿದರೆ ಉಬ್ಬು ಸಿಗಬಾರದು. ಉಬ್ಬಿದ ಪ್ರೈಮರ್ ರಿವಾಲ್ವರಿನ ಉರುಳೆ ತಿರುಗದಂತೆ ಮಾಡುತ್ತದೆ.

ಐದನೆಯದು ಉದ್ದ. .38 ಸ್ಪೆಷಲ್ ಕೇಸಿನ ಗರಿಷ್ಠ ಉದ್ದ 29.3 ಮಿಲಿಮೀಟರ್, .45 ಎಸಿಪಿಯದು 22.8, 9 ಎಂಎಂನದು 19.15. ರೈಫಲ್ ಕೇಸುಗಳು ಸಿಡಿದಂತೆಲ್ಲ ಉದ್ದವಾಗುತ್ತವೆ, ಪ್ರತಿ ಸಲವೂ ಅಳೆದು ಕತ್ತರಿಸಬೇಕು. ಪಿಸ್ತೂಲಿನ ಕೇಸುಗಳು ಹಾಗೆ ಬೆಳೆಯುವುದಿಲ್ಲ, ಕೆಲವು ಗಿಡ್ಡವಾಗುವುದೂ ಉಂಟು. ಹಾಗೆಂದು ಅಳತೆ ಬಿಡುವಂತಿಲ್ಲ. 9 ಎಂಎಂ ಮತ್ತು .45 ತೋಟಾಗಳು ಚೇಂಬರಿನಲ್ಲಿ ನಿಲ್ಲುವುದು ಕೇಸಿನ ಬಾಯಿಯ ಅಂಚಿನ ಮೇಲೆ. ಅದು ಮಿತಿ ಮೀರಿ ಉದ್ದವಿದ್ದರೆ ಪಿಸ್ತೂಲು ಸರಿಯಾಗಿ ಮುಚ್ಚುವುದಿಲ್ಲ. ರಿವಾಲ್ವರಿನ .38ರಲ್ಲಿ ಬಾಯಿಯನ್ನು ಗುಂಡಿನ ಗೀರಿನೊಳಕ್ಕೆ ಮಡಿಸಿ ಬಿಗಿಯುತ್ತಾರೆ. ಕೇಸುಗಳ ಉದ್ದ ಒಂದೊಂದು ತರವಾದರೆ ಬಿಗಿಯೂ ಒಂದೊಂದು ತರವಾಗುತ್ತದೆ, ಗುರಿಯೂ ಹಾಗೆಯೇ.

ಕೊನೆಯದು ಬಾಯಿ ಅಗಲಿಸುವುದು. ಗುಂಡಿನ ಬುಡ ಹಿತ್ತಾಳೆಯನ್ನು ಕೆರೆಯದೆ ಒಳಗೆ ಇಳಿಯಲು ಎಷ್ಟು ಬೇಕೋ ಅಷ್ಟೇ ಅರಳಿಸಬೇಕು. ಹೊಸಬರು ಮಾಡುವ ಸಾಮಾನ್ಯ ತಪ್ಪು ಅತಿಯಾಗಿ ಅರಳಿಸುವುದು. ಗುಂಡು ಸಲೀಸಾಗಿ ಕೂರುತ್ತದೆ ನಿಜ, ಆದರೆ ಕೇಸಿನ ಆಯಸ್ಸು ಅಲ್ಲಿಯೇ ಅರ್ಧ ಕಳೆಯುತ್ತದೆ. ಬೇಕಾದ್ದಕ್ಕಿಂತ ಹೆಚ್ಚು ಬಾಗಿದ ಹಿತ್ತಾಳೆ ಬೇಗ ಬಿರುಸಾಗಿ ಬಾಯಲ್ಲಿ ಸೀಳುತ್ತದೆ.

ಈಗಿನ ಪ್ರೆಸ್‌ಗಳಲ್ಲಿ ಎರಡು ಜಾತಿ. ಒಂದು ಎಳೆತಕ್ಕೆ ಒಂದೇ ಕೆಲಸ ಮಾಡುವುದು ಒಂದು ಬಗೆ. ಒಂದೇ ಎಳೆತದಲ್ಲಿ ಹಲವು ಕೇಸುಗಳಿಗೆ ಹಲವು ಕೆಲಸ ಮಾಡಿ, ಪ್ರತಿ ಸಲವೂ ಒಂದು ಪೂರ್ಣ ತೋಟಾ ಉದುರಿಸುವುದು ಇನ್ನೊಂದು ಬಗೆ. ವೇಗದ ಯಂತ್ರ ಬಂದ ಮೇಲೆ ಕೇಸ್ ಕೈಯಲ್ಲಿ ಹಿಡಿದು ನೋಡುವ ಬಿಡುವು ಹೋಯಿತು. ಅದಕ್ಕಾಗಿಯೇ ತಯಾರಿ ಯಂತ್ರಕ್ಕೆ ಮೊದಲು ಮುಗಿದಿರಬೇಕು. ಹೊಸದಾಗಿ ಕಲಿಯುವವರು ಒಂದೇ ಕೆಲಸದ ನಿಧಾನದ ಪ್ರೆಸ್ಸಿನಿಂದ, ಒಂದೇ ಅಳತೆಯ ತೋಟಾದಿಂದ ಶುರು ಮಾಡುವುದು ಒಳ್ಳೆಯದು. ಮದ್ದು, ಪ್ರೈಮರ್, ಉದ್ದ ಯಾವುದರ ಲೆಕ್ಕಕ್ಕೂ ತಯಾರಕರು ಅಚ್ಚು ಮಾಡಿಸಿದ ಕೈಪಿಡಿಯೇ ಆಧಾರವಾಗಬೇಕು, ಗೆಳೆಯರ ಬಾಯಿಮಾತು ಅಲ್ಲ.

ಕನ್ನಡದ ಓದುಗರಿಗೆ ಕಾನೂನಿನ ಮಾತನ್ನೂ ಹೇಳಲೇಬೇಕು. ಮೇಲೆ ಬರೆದದ್ದೆಲ್ಲ ಅಮೆರಿಕದ ಪದ್ಧತಿ. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. 2019ರ ತಿದ್ದುಪಡಿಯ ನಂತರ ಇದಕ್ಕೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ ಶಿಕ್ಷೆ. ಮದ್ದುಗುಂಡು ಎಂಬ ವ್ಯಾಖ್ಯೆಯೊಳಗೆ ಅದರ ಬಿಡಿಭಾಗಗಳೂ ಅದನ್ನು ತಯಾರಿಸುವ ಯಂತ್ರಗಳೂ ಸೇರುತ್ತವೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವ ಪರವಾನಗಿಗೆ ಸಂಬಂಧಿಸಿದ್ದು, ತೋಟಾ ತಯಾರಿಕೆಗೆ ಅಲ್ಲ. ಅಮೆರಿಕದಿಂದ ರಜೆಗೆ ಬರುವವರು ರೇಂಜಿನ ನೆನಪಿಗೆಂದು ಒಂದು ಖಾಲಿ ಕೇಸನ್ನು ಕೀಲಿಗೊಂಚಲಿಗೆ ಸಿಕ್ಕಿಸಿಕೊಂಡು ಬರುವುದೂ ಬೇಡ. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸಿಕ್ಕರೆ ವಿವರಣೆ ಕೊಡುವುದು ಸುಲಭವಲ್ಲ.

ಅಲ್ಲಿಯೇ ಇದ್ದು, ಅಲ್ಲಿನ ಕಾನೂನಿನೊಳಗೆ ಈ ಹವ್ಯಾಸಕ್ಕೆ ಇಳಿಯುವ ಕನ್ನಡಿಗರಿಗೆ ಒಂದೇ ಕೋರಿಕೆ. ಮೇಜಿನ ಪಕ್ಕದಲ್ಲಿ ಗುಜರಿ ಡಬ್ಬಿಯೊಂದನ್ನು ಇಟ್ಟುಕೊಳ್ಳಿ. ಸೀಳು ಕಂಡರೆ, ಸದ್ದು ಒಡಕಾದರೆ, ಪ್ರೈಮರ್ ಸಡಿಲಾದರೆ, ಬುಡ ಉಬ್ಬಿದ್ದರೆ, ಅಥವಾ ಹೇಳಲಾಗದ ಯಾವುದೋ ಅನುಮಾನ ಬಂದರೂ ಸಾಕು, ಇಕ್ಕಳದಿಂದ ಅದರ ಬಾಯಿ ಜಜ್ಜಿ ಡಬ್ಬಿಗೆ ಹಾಕಿ. ಜಜ್ಜದೆ ಹಾಕಿದರೆ ಅದು ಇನ್ನೊಂದು ದಿನ ಒಳ್ಳೆಯ ಕೇಸುಗಳ ಜೊತೆ ಸೇರಿಕೊಳ್ಳಬಹುದು. ಒಂದು ಖಾಲಿ ಕೇಸಿನ ಬೆಲೆ ಕೆಲವೇ ಸೆಂಟ್. ಅದನ್ನು ಉಳಿಸಲು ಕೈಯನ್ನೋ ಕಣ್ಣನ್ನೋ ಪಣಕ್ಕಿಡುವುದು ಉಳಿತಾಯವಲ್ಲ.